ತೆನೆಯ ದಡಿ

ಚಿಗವ್ವನ ಬಲಗೈ ತೋರುಬೆರಳನ್ನು ಲ್ಯಾಪ್‌ಟಾಪು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ವರ್ಷಗಟ್ಟಲೆ ಮಗ್ಗದ ಎಳೆ ಉಜ್ಜಿ ಅದರ ತುದಿ ಜಡ್ಡುಗಟ್ಟಿತ್ತು. ಎಷ್ಟು ಸವರಿದರೂ ಪರದೆಯ ಮೇಲಿನ ಬಾಣ ಜರುಗುತ್ತಿರಲಿಲ್ಲ. “ಇದಕ್ಕ ನನ್ನ ಗುರ್ತು ಹತ್ತವಲ್ದು ನೋಡು” ಎಂದು ನಗುತ್ತ ಕಿರುಬೆರಳಿನಿಂದ ಕೆಲಸ ನಡೆಸುತ್ತಿದ್ದಳು. ಬೆಟಗೇರಿಯ ನನ್ನ ಸೋದರಮಾವನ ಮಗ್ಗಗಳಿಗೆಲ್ಲ ಸೀರೆಯ ಅಂಚಿನ ದಡಿ ಬರೆದುಕೊಟ್ಟದ್ದು ಆ ಕಿರುಬೆರಳೇ.

ಅವಳು ನನ್ನ ಅವ್ವನ ತಂಗಿ. ಗಂಡ ತೀರಿದ ಮೇಲೆ ಶಿರಹಟ್ಟಿಯಿಂದ ತವರಿಗೆ ಬಂದಳು. “ಇದು ನಿಂದs ಮನಿ” ಎಂದ ಮಾವ ಮರುದಿನವೇ ಅವಳನ್ನು ಮಗ್ಗಕ್ಕೆ ಕೂರಿಸಿದ. ಚಿತ್ರ ಬರೆಯುವ ಕೈ ಎಂದು ಗೊತ್ತಾದ ಮೇಲೆ ಗ್ರಾಫ್ ಹಾಳೆಯ ಮುಂದೆ, ಆಮೇಲೆ ಲ್ಯಾಪ್‌ಟಾಪಿನ ಮುಂದೆ. ಗಿರಾಕಿಗಳು ದಡಿ ಮೆಚ್ಚಿದರೆ “ನಮ್ಮ ಮನಿ ಡಿಸೈನು” ಎಂದು ಮೀಸೆ ತಿರುವುವವನು ಮಾತ್ರ ಅವನು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ ಎಂಬ ಗಾದೆಯನ್ನು ನಾನು ಶಾಲೆಯಲ್ಲಿ ಕಲಿಯಬೇಕಾಗಲಿಲ್ಲ.

ನೇಯುವಾಗ ಎಳೆ ಹರಿದು ಯಾರಾದರೂ ಸಿಟ್ಟಿನಿಂದ ಮಗ್ಗಕ್ಕೆ ಬೈದರೆ ಚಿಗವ್ವನಿಗೆ ಆಗುತ್ತಿರಲಿಲ್ಲ. “ಅದಕ್ಯಾಕ ಬೈತಿ? ಎಳಿ ಹಿಡಕೊಂಡು ಹಿಂದ ಹಿಂದ ಹೋಗು. ಹರದಲ್ಲಿ ಕೈ ತಾನಾಗಿ ನಿಲ್ತೈತಿ” ಎನ್ನುತ್ತಿದ್ದಳು.

ತನ್ನದೊಂದು ಮಗ್ಗ ಬೇಕು, ಅದಷ್ಟೇ ಅವಳ ಆಸೆ. ಡಿಸೈನುಗಳನ್ನು ತಂದು ತೋರಿಸಿದರೆ ಮಗ್ಗ ಕೊಡಿಸುತ್ತೇವೆ ಎಂದು ಲಕ್ಷ್ಮೇಶ್ವರದ ಮಹಿಳಾ ಸಂಘವೊಂದು ಒಪ್ಪಿತ್ತು. ಅದಕ್ಕಾಗಿ ಜೋಳದ ತೆನೆಯ ದಡಿಯೊಂದನ್ನು ಲ್ಯಾಪ್‌ಟಾಪಿನಲ್ಲೇ ಬರೆದು ನನಗಷ್ಟೇ ತೋರಿಸಿದ್ದಳು. “ಇದು ಈ ಮನಿಗಲ್ಲ” ಎಂದಿದ್ದಳು. ಅದೇ ವಾರ ಲ್ಯಾಪ್‌ಟಾಪು ಶುರುವಾಗದೆ ನಿಂತುಬಿಟ್ಟಿತು.

ನಾನು ಗದಗಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುವವನು. ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪು ಶುರುಮಾಡಿ ಡಿಸೈನು ತೆಗೆದುಕೊಡುತ್ತೇನೆ ಎಂದೆ. ಚುಚ್ಚಿದರೆ, ಪೆನ್‌ಡ್ರೈವ್ ಇದೆ ಎಂದೇ ಅದು ಒಪ್ಪಲಿಲ್ಲ. ನಾನು ಬೈದೆ. “ಎಳಿ ಹಿಡಿ” ಎಂದಳು ಚಿಗವ್ವ. ಇನ್ನೊಂದು ಕಿಂಡಿಗೆ ಚುಚ್ಚಿದೆವು. ಬೇರೆ ಪೆನ್‌ಡ್ರೈವ್ ತಂದು ಹೊಸದಾಗಿ ತಯಾರಿಸಿದೆವು. ಅದೇ ಪೆನ್‌ಡ್ರೈವಿನಿಂದ ನನ್ನ ಲ್ಯಾಪ್‌ಟಾಪು ಸರಾಗವಾಗಿ ಶುರುವಾಯಿತು. ಕೊನೆಗೆ ಅವಳ ಲ್ಯಾಪ್‌ಟಾಪಿನ ಒಳಗಿನ ಸೆಟ್ಟಿಂಗ್ ತೆರೆದೆ. ಹೊರಗಿನ ಡ್ರೈವ್ ಯಾವುದನ್ನೂ ನೋಡದಂತೆ ಅಲ್ಲಿ ಬಂದ್ ಮಾಡಿಟ್ಟಿದ್ದರು. ಬದಲಿಸಲು ಹೋದರೆ ಪಾಸ್‌ವರ್ಡ್ ಕೇಳಿತು.

ಚಿಗವ್ವ ಪರದೆಯನ್ನೇ ನೋಡುತ್ತ ಕುಳಿತಳು. “ಎಳಿ ಹರದಿಲ್ಲಲೇ ತಮ್ಮಾ. ಕತ್ತರಿ ಆಡಿಸ್ಯಾರ.”

ಹಿಂದೊಮ್ಮೆ ಅದನ್ನು ರಿಪೇರಿಗೆ ಒಯ್ದವನು ಮಾವ. ಊಟಕ್ಕೆ ಕುಳಿತಿದ್ದವನ ಮುಂದೆಯೇ ಹೋಗಿ ನಿಂತಳು. ಅವನು ರೊಟ್ಟಿ ಮುರಿಯುವುದನ್ನೂ ನಿಲ್ಲಿಸಲಿಲ್ಲ.

“ಹೂಂ, ಆ ಪಾಸ್‌ವರ್ಡ್ ನಾನೇ ಹಾಕಿಸೇನಿ. ಮನಿ ಡಿಸೈನು ಮನ್ಯಾಗ ಇರಬೇಕು.”

“ಯಣ್ಣಾ, ಬರದಾಕಿ ನಾನು.”

“ಯಾರ ಅನ್ನ ಉಂಡು ಬರದಿ?”

ಅಲ್ಲೇ ಇದ್ದ ನನ್ನ ಅವ್ವ ಅವನ ತಾಟಿಗೆ ಇನ್ನಷ್ಟು ಪಲ್ಯ ಬಡಿಸಿದಳು.

ಒಳಗಿನ ಡಿಸ್ಕನ್ನೇ ಬಿಚ್ಚಿ ತೆಗೆಯೋಣವೆಂದು ಮರುದಿನ ಸ್ಕ್ರೂಡ್ರೈವರ್ ಹಿಡಿದು ಹೋದೆ. ಲ್ಯಾಪ್‌ಟಾಪು ಮಾವನ ತಿಜೋರಿ ಸೇರಿತ್ತು. ಚಿಗವ್ವ ಬರಿಗೈಯಲ್ಲಿ ಲಕ್ಷ್ಮೇಶ್ವರದ ಬಸ್ಸು ಹತ್ತಿದ್ದಳು. ಬರಿಗೈಗೆ ಸಂಘದವರೂ ಮಗ್ಗ ಕೊಡಲಿಲ್ಲ. ಬಾಡಿಗೆ ಕೋಣೆಯಲ್ಲಿ ಕಂಡವರ ಸೀರೆಗೆ ಫಾಲ್ ಹಚ್ಚಿ ಬದುಕಿದಳು. ನೆನಪಿನಿಂದ ಮತ್ತೆ ಬರೆಯೆಂದು ಹೋದಾಗಲೆಲ್ಲ ಗೋಗರೆದೆ. “ಬರದ್ರ ಬರ್ತಾವ. ಯಾರನ್ನ ನಂಬಿ ಬರೀಲಿ?” ಎಂದಳು.

ಕಳೆದ ವರ್ಷ ಕಾಮಾಲೆ ಅವಳನ್ನು ಒಯ್ದಿತು. ಸತ್ತ ಹೆಣ್ಣಿಗೆ ತವರಿನ ಸೀರೆ ಹೊದಿಸಬೇಕಲ್ಲ, ಮಾವ ತಂದ. ಹೆಂಗಸರು ಮಡಿಕೆ ಬಿಚ್ಚಿದರು. ದಡಿಯ ಉದ್ದಕ್ಕೂ ಜೋಳದ ತೆನೆ! ಆ ಲ್ಯಾಪ್‌ಟಾಪಿನಲ್ಲಲ್ಲದೆ ಎಲ್ಲೂ ಇರದಿದ್ದ ತೆನೆ. ತಂಗಿಗೆ ಬಂದ್ ಮಾಡಿಸಿದ್ದನ್ನು ತನಗೆ ತೆರೆಸಿಕೊಂಡಿದ್ದ.

“ದಡಿ ಭಾಳ ಛಂದ ಐತ್ರಿ” ಎಂದಳು ಒಬ್ಬಾಕೆ.

ಮಾವ ಕಣ್ಣೊರೆಸಿಕೊಂಡ. “ನಮ್ಮ ಮನಿ ಡಿಸೈನುರಿ.”

“ಅಕೀದು” ಎಂದೆ, ಗಟ್ಟಿಯಾಗಿಯೇ ಎಂದೆ. ದುಃಖದಲ್ಲಿ ಏನೋ ಅಂದನೆಂದು ಯಾರೋ ನನ್ನನ್ನು ಹೊರಗೆ ಕರೆದೊಯ್ದು ನೀರು ಕುಡಿಸಿದರು. ಒಳಗೆ ಅವಳಿಗೆ ಆ ಸೀರೆಯನ್ನು ಹೊದಿಸಿದರು.