ಅರವತ್ತು ಮಂದಿಗೆ ಒಂದೊಂದೇ ಮೇಲ್

ಗೆಳೆಯರೇ, ದೆಹಲಿ ಪಕ್ಕದ ಇಂದಿರಾಪುರಂನ ನಮ್ಮ ಕನ್ನಡ ಕೂಟದ ಭಾನುವಾರದ ಊಟಕ್ಕೆ ಎಲ್ಲರನ್ನೂ ಕರೆಯಲು, ಮೇಲ್ ಕಳಿಸುವ ಪುಟ್ಟ ಪೇಜೊಂದನ್ನು ನಾನೇ ಪ್ರೋಗ್ರಾಂ ಮಾಡಿದ್ದೆ. ಒಂದು ಬಟನ್ ಒತ್ತಿದರೆ ಅರವತ್ತು ಮಂದಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ. ನಿನ್ನೆ ಕಳಿಸಿದೆ, ಒಂದೂ ತಪ್ಪಲಿಲ್ಲ.

ಇವತ್ತು ಬೆಳಿಗ್ಗೆ ಲಿಫ್ಟಿನಲ್ಲಿ ಮಡಿಕೇರಿಯ ನಿವೃತ್ತ ಕರ್ನಲ್ ಅಂಕಲ್ ಸಿಕ್ಕರು. ದನಿ ತಗ್ಗಿಸಿ, "ನಿನ್ನ ಮೇಲ್ ಬಂತಪ್ಪ. ಪಕ್ಕದ ಫ್ಲ್ಯಾಟಿನ ಶೆಟ್ಟರಿಗೆ ನಾನು ಹೇಳಿಲ್ಲ, ಬೇಜಾರು ಮಾಡ್ಕೋತಾರೆ" ಎಂದರು.

"ಅವರಿಗೂ ಕಳಿಸಿದ್ದೀನಿ ಅಂಕಲ್."

"ಎಲ್ಲಿ? ನಮ್ಮ ಫೌಜಿನಲ್ಲಿ ಯಾರ್ಯಾರಿಗೆ ಕಾಪಿ ಹೋಯ್ತು ಅಂತ ಕೆಳಗೆ ಬರೆದಿರ್ತಾರೆ. ಇದರಲ್ಲಿ ನನ್ನ ಹೆಸರೊಂದೇ ಇತ್ತು."

ಗೇಟಿನ ಹತ್ತಿರ ಶೆಟ್ಟರು ಸಿಕ್ಕರು. "ನನ್ನನ್ನ ಕರೆದಿದ್ದು ಕರ್ನಲ್‌ಗೆ ಹೇಳ್ಬೇಡಿ" ಎಂದರು ಅವರೂ ಮೆಲ್ಲಗೆ.

ಕೋಡ್ ಸರಿಯಾಗಿಯೇ ಇತ್ತು, ಈಗಲೂ ಹಾಗೆಯೇ ಹೇಳುತ್ತೇನೆ. ಆದರೂ ಆಫೀಸಿಗೆ ಹೋದವನೇ ಕೆಳಗೊಂದು ಸಾಲು ಸೇರಿಸಿ ಮತ್ತೆ ಕಳಿಸಿದೆ: 'ಈ ಆಹ್ವಾನ ಕೂಟದ ಎಲ್ಲರಿಗೂ ಹೋಗಿದೆ.'

ಹತ್ತೇ ನಿಮಿಷದಲ್ಲಿ ಕರ್ನಲ್ ಅಂಕಲ್‌ರಿಂದ ಉತ್ತರ ಬಂತು: "ಅಚ್ಛಾ, ಎಲ್ಲರನ್ನೂ ಕರೆದಿದ್ದೀಯಾ. ಹಾಗಾದ್ರೆ ನಾನು ಬರದಿದ್ರೂ ನಡೆಯುತ್ತೆ ಅಲ್ವಾ?"