ಮೊಮ್ಮಗಳ ವರದಿಯ ಅಚ್ಚು

ನಾನು ಓದಿದ್ದು ನಾಲ್ಕನೇ ಕ್ಲಾಸು. ಕುಂದಾಪುರದ ಕಡೆಯಿಂದ ವಡೋದರಾಕ್ಕೆ ಬಂದು ಗೋರ್ವಾದ ಉಡುಪಿ ಹೋಟೆಲೊಂದರಲ್ಲಿ ಮೂವತ್ತು ವರ್ಷ ಸಪ್ಲೈಯರ್ ಆಗಿದ್ದೆ. ಅಂಥವನು ಕಂಪ್ಯೂಟರಿನ ವಿಷಯ ಬರೆಯುತ್ತಾನೆಂದರೆ ನನ್ನವಳಿಗೇ ನಗು. ನಗಲಿ. ಇಷ್ಟು ಖುಷಿಯನ್ನು ಒಳಗೇ ಇಟ್ಟುಕೊಳ್ಳಲು ನನ್ನಿಂದಾಗದು.

ಮೊಮ್ಮಗಳು ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿ ಗೆಳತಿಯರೊಡನೆ ಫ್ಲಾಟ್ ಹಿಡಿದು ಅಲ್ಲೇ ಒಂದು ಕಂಪನಿಗೆ ಹೋಗುತ್ತಾಳೆ. ಮೊದಲ ಆರು ತಿಂಗಳು ಪರೀಕ್ಷೆಯ ಅವಧಿ. ಸೂರತ್ತಿನ ಒಂದು ಆಸ್ಪತ್ರೆಯವರು ರೋಗಿಗಳ ದಾಖಲೆಯನ್ನೆಲ್ಲ ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಸಾಗಿಸಿದ್ದರು. ಅಲ್ಲಿದ್ದದ್ದು ಇಲ್ಲಿಗೆ ಹಾಗೇ ಬಂದಿದೆಯೇ ಎಂದು ಎರಡನ್ನೂ ಹೋಲಿಸಿ ರಿಪೋರ್ಟ್ ಕೊಡುವ ಸಾಫ್ಟ್‌ವೇರ್ ಇದೆಯಂತೆ. ಅದನ್ನು ನಡೆಸುವುದು ಇವಳ ಕೆಲಸ. ಆ ರಿಪೋರ್ಟಿಗೆ ಆಸ್ಪತ್ರೆಯ ದಾಖಲೆ ಕೋಣೆಯ ಮುಖ್ಯಸ್ಥೆ ಸಹಿ ಹಾಕಬೇಕು. ಸಹಿ ಬಿದ್ದರೆ ಇವಳ ಕೆಲಸ ಖಾಯಂ, ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆಗೆ. ಇಷ್ಟು ರಾಶಿಯಲ್ಲಿ ತಪ್ಪನ್ನು ಎಲ್ಲಿ ಹುಡುಕಲಿ ಎಂದು ಅವರು ಒಮ್ಮೆ ಹಿಂದಕ್ಕೆ ಕಳಿಸಿಯೂ ಆಗಿತ್ತು.

ಭಾನುವಾರ ವಡೋದರಾಕ್ಕೆ ಬಂದವಳು ಬೆಳಿಗ್ಗೆಯೇ ಕಾಗದದ ರಾಶಿ ಹರಡಿ ಕುಳಿತಳು. ನಾನು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕುಳಿತೆ. ಪುಟದ ಮೇಲೆ ಪುಟ, ಎಲ್ಲ ಸಾಲೂ ಒಂದೇ ಥರ.

"ಇದ್ರಲ್ಲಿ ತಪ್ಪು ಯಾವ್ದು ಮಗಾ?"

"ಅದೇ ಅಜ್ಜ, ಸರಿ ಇದ್ದದ್ದು, ತಪ್ಪು ಎಲ್ಲಾ ಒಟ್ಟಿಗೇ ಇದೆ. ಸಾಫ್ಟ್‌ವೇರ್ ಹೀಗೇ ಕೊಡ್ತದೆ. ಟೆಂಪ್ಲೇಟ್ ಬದಲು ಮಾಡ್ಬಹುದು, ಲೇಕಿನ್ ಹೇಗೆ ಬದಲು ಮಾಡಿದ್ರೆ ಸರಿ ಅಂತ ಗೊತ್ತಿಲ್ಲ."

"ಟೆಂಪ್ಲೇಟ್ ಅಂದ್ರೆ ಎಂತ?"

ಅವಳು ಕನ್ನಡದಲ್ಲಿ ತಡಕಾಡಿದಳು. ಒಳಗಿನಿಂದ ನನ್ನವಳು, "ಚಕ್ಕುಲಿ ಒತ್ತುವ ಬಿಲ್ಲೆ ಇದ್ದ ಹಾಗೆ ಅಲ್ದಾ? ಹಿಟ್ಟು ಅದೇ, ಬಿಲ್ಲೆ ಬದ್ಲಿಸಿದ್ರೆ ಸೇವು" ಅಂದಳು.

"ಹಾಂ ಅಜ್ಜಿ, ಅದೇ," ಅಂದಳು ಮೊಮ್ಮಗಳು.

"ನೋಡಿ, ನಿಮ್ಗೆ ಮಾತ್ರ ಅರ್ಥ ಆಗ್ಲಿಲ್ಲ," ಎಂದು ನನ್ನವಳು ನನ್ನನ್ನು ಕುಟುಕಿದಳು.

ನನಗೆ ಕುತೂಹಲ ಹತ್ತಿತು. ಯಾವ ಸಾಲು ಬೇಕು, ಯಾವುದು ಬೇಡ ಎಂದು ನಾವೇ ಹೇಳಬಹುದೇ? ಹೇಳಬಹುದಂತೆ. ಯಾವುದು ಮೇಲೆ, ಯಾವುದು ಕೆಳಗೆ ಎನ್ನುವುದು? ಅದೂ ಆಗುತ್ತದಂತೆ. ಹಾಗಾದರೆ ನಮ್ಮ ಹೋಟೆಲಿನ ಹಾಗೆ ಮಾಡು ಎಂದೆ. ಸಪ್ಲೈಯರ್ ಅಡುಗೆಮನೆಯ ಬಾಗಿಲಲ್ಲಿ ನಿಂತು ದೋಸೆಗೆ ಏನೇನು ಹಾಕಬೇಕೆಂದು ಹೇಳುತ್ತಾ ಕೂರುವುದಿಲ್ಲ. ಭಟ್ಟರಿಗೆ ಅದು ಗೊತ್ತಿರುತ್ತದೆ. ಬೇರೆಯಾದದ್ದನ್ನಷ್ಟೇ ಹೇಳಬೇಕು. ಗುಜರಾತಿನಲ್ಲಿ ಈರುಳ್ಳಿ, ಆಲೂಗಡ್ಡೆ ಮುಟ್ಟದ ಜೈನರು ಬಹಳ. ಅವರ ದೋಸೆಗೆ ಬಾಳೆಕಾಯಿ ಪಲ್ಯ. ಅದಕ್ಕೆ 'ಒಂದು ಜೈನ್' ಎಂದು ಕೂಗಿದರೆ ಮುಗಿಯಿತು.

ಅವಳಿಗೆ ಹಿಡಿಸಿತು. ಊಟದ ಹೊತ್ತಿಗೆ ಹೊಸ ಅಚ್ಚು ಸಿದ್ಧವಾಯಿತು. ಸರಿಯಿದ್ದ ಸಾಲುಗಳೆಲ್ಲ ಮಾಯ. ತಪ್ಪಿದ್ದು ಮಾತ್ರ ಮೂರು ಪುಟದಲ್ಲಿ, ಎಡಗಡೆ ಹಳೆಯದು, ಬಲಗಡೆ ಹೊಸದು, ನಡುವೆ ಕೆಂಪು ಗೆರೆ. ನನಗೂ ಕಂಡಿತು: ಒಬ್ಬನ ರಕ್ತದ ಗುಂಪು ಎಡಗಡೆ ಬಿ, ಬಲಗಡೆ ಓ. ರಾಶಿಯೊಳಗೆ ಇದು ಯಾರ ಕಣ್ಣಿಗೆ ಬೀಳುತ್ತಿತ್ತು?

ಮಂಗಳವಾರ ಸೂರತ್ತಿಗೆ ಹೋದವಳು ರಾತ್ರಿ ಅಹಮದಾಬಾದಿಗೆ ಮರಳದೆ ನಮ್ಮಲ್ಲೇ ಇಳಿದಳು. ಮುಖ ಸಣ್ಣದಾಗಿತ್ತು. ಸಹಿ ಆಗಿರಲಿಲ್ಲ.

"ಆ ಸಹಿ ಹಾಕೋ ಬೇನ್ ಕೇಳಿದ್ರು, ಮೂರು ಪುಟ ಸರಿ, ಬಾಕಿ ಎಲ್ಲಿ? ನೋಡಿದ್ದೀಯಾ, ನೋಡದೇ ಬಿಟ್ಟಿದ್ದೀಯಾ? ನನಗೆ ಹೇಗೆ ಗೊತ್ತಾಗ್ಬೇಕು ಅಂತ. ನಾನು ಕಾಗದ ಎಲ್ಲಾ ಬ್ಯಾಗಿಗೆ ಹಾಕ್ಕೊಂಡು ಬಂದೆ ಅಜ್ಜ."

ನಾನು ತಲೆಗೆ ಕೈಯಿಟ್ಟುಕೊಂಡೆ. ತಪ್ಪು ನನ್ನದೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ನಾಲ್ವರಿದ್ದ ಮೇಜಿಗೆ ಹೀಗೇ ಬರಿ 'ಒಂದು ಜೈನ್' ಎಂದು ಕೂಗಿ ಬಂದಿದ್ದೆ. ಭಟ್ಟರು ಒಂದೇ ದೋಸೆ ಹಾಕಿದರು, ಮೇಜಿನಲ್ಲಿ ಉಳಿದ ಮೂವರು ಖಾಲಿ ತಟ್ಟೆ ನೋಡುತ್ತಾ ಕುಳಿತರು. 'ನಾಲ್ಕು ಮಸಾಲೆ, ಅದ್ರಲ್ಲಿ ಒಂದು ಜೈನ್ ಅಂತ ಹೇಳ್ಬೇಕು ಮಾರಾಯ, ಒಟ್ಟು ನುಂಗಿದ್ರೆ ನಾನೆಂತ ಕವಡೆ ಹಾಕಿ ನೋಡ್ಲಾ?' ಎಂದು ಭಟ್ಟರು ಎಲ್ಲರೆದುರು ಬೈದಿದ್ದರು. ಅಷ್ಟು ಮುಖ್ಯವಾದದ್ದನ್ನೇ ಮೊಮ್ಮಗಳಿಗೆ ಹೇಳಲು ಮರೆತಿದ್ದೆ.

ಹೇಳಿದೆ. ಅವಳು "ಮೊದಲೇ ಹೇಳ್ಬೇಕಲ್ವಾ ಅಜ್ಜ," ಎಂದು ನನ್ನ ಭುಜಕ್ಕೊಂದು ಗುದ್ದಿದಳು. ಮರುದಿನ ಬೆಳಿಗ್ಗೆ ಅಚ್ಚಿನ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಮೂರು ಸಾಲು ಸೇರಿಸಿದಳು: ಒಟ್ಟು ನೋಡಿದ್ದು ಇಷ್ಟು, ಸರಿಯಿದ್ದದ್ದು ಇಷ್ಟು, ಬೇರೆಯಾದದ್ದು ಇಷ್ಟು.

ಗುರುವಾರ ನಾನೂ ಅವಳ ಜೊತೆ ರೈಲು ಹತ್ತಿದೆ. ಸೂರತ್ತಿನ ಕತಾರ್‌ಗಾಮ್‌ನಲ್ಲಿರುವ ಹಳೆಯ ಗೆಳೆಯನನ್ನು ನೋಡಿ ಬರುತ್ತೇನೆಂದು ನೆಪ. ಅತ್ತ ತಲೆಯೂ ಹಾಕಲಿಲ್ಲ. ಆಸ್ಪತ್ರೆಯ ದಾಖಲೆ ಕೋಣೆಯ ಹೊರಗಿನ ಬೆಂಚಿನಲ್ಲಿ ಕುಳಿತು ಬಾಗಿಲ ಗಾಜಿನಿಂದ ನೋಡುತ್ತಿದ್ದೆ. ಆ ಹೆಂಗಸು ಮೊದಲು ಮೇಲಿನ ಮೂರು ಸಾಲು ಓದಿ, ಬೆರಳು ಮಡಿಸಿ ಕೂಡಿಸಿ ನೋಡಿದರು. ಆಮೇಲೆ ಕೆಂಪು ಗೆರೆ ಹಿಡಿದು ಒಂದೊಂದೇ ಸಾಲು ಇಳಿದರು. ರಕ್ತದ ಗುಂಪಿನ ಹತ್ತಿರ ಬೆರಳು ನಿಂತಿತು. ಹಳೆಯ ಕಡತ ತರಿಸಿ ನೋಡಿ ತಲೆಯಾಡಿಸಿದರು. ತಪ್ಪಿದ್ದಷ್ಟನ್ನೂ ಅವಳೆದುರೇ ತಿದ್ದಿಸಿ, ಕೊನೆಗೆ ಪೆನ್ನಿನ ಮುಚ್ಚಳ ತೆಗೆದರು.

ಹೊರಬಂದು ರಸ್ತೆಬದಿಯ ಗಾಡಿಯಲ್ಲಿ ಕಡಲೆಬೇಳೆ ಹಿಟ್ಟಿನ ಬಿಸಿ ಲೋಚೋ ತಿನ್ನುತ್ತಿದ್ದಾಗ ಅವಳ ಫೋನಿಗೆ ಕಂಪನಿಯ ಸಂದೇಶ ಬಂತು. ಅವಳು ಎರಡು ಸಲ ಓದಿದಳು. ಇಂಗ್ಲಿಷ್ ನನಗೆ ಬಾರದು. ಮೂರನೆಯ ಸಲ ಕನ್ನಡದಲ್ಲಿ ಹೇಳಿಸಿಕೊಂಡೆ. "ಅಜ್ಜ, ಅವರು ನನ್ನನ್ನು ಇಟ್ಕೊಂಡ್ರು," ಅಂದಳು. ಇನ್ನೊಂದು ಸಲ ಹೇಳು ಎಂದೆ.