ಮೂರನೇ ರೆಕ್ಕೆಯ ದನಿ

ಗಾಳೆವ್ವನನ್ನು ಕೆಲಸದಿಂದ ತೆಗೆದ ದಿನ ಅವಳ ಕೈಯಿಂದ ಬೀಗದ ಕೈ ಇಸಿದುಕೊಂಡವಳು ನಾನೇ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಮುಂದಿನದನ್ನು ಓದಿದವರಿಗೆ ನಾನು ಅವಳ ಪಕ್ಷದಲ್ಲಿದ್ದೆ ಎಂದು ಅನ್ನಿಸಬಹುದು. ಆಗ ಇರಲಿಲ್ಲ.

ನನ್ನ ಹೆಸರು ಭಾರತಿ. ಗಜೇಂದ್ರಗಡದಲ್ಲಿ ನಮ್ಮದು ಮಗ್ಗದ ಮನೆ. ನಾನು ಮಾತ್ರ ಹೊಲಿಗೆ ಕಲಿತು, ಅದನ್ನೇ ಬೇರೆಯವರಿಗೆ ಕಲಿಸುತ್ತ ಬಂದವಳು. ಮೂರು ವರ್ಷದ ಹಿಂದೆ ಲಕ್ಕಲಕಟ್ಟಿ ಕಡೆಯ ಗುಡ್ಡದ ಮೇಲೆ, ಗಾಳಿಯಿಂದ ಕರೆಂಟು ಮಾಡುವ ಕಂಪನಿಯೊಂದು ಹೆಣ್ಣುಮಕ್ಕಳಿಗೆ ಹೊಲಿಗೆ ಕೇಂದ್ರ ತೆರೆದಾಗ ನನ್ನನ್ನು ಕರೆದರು. ಲಾಭ ಮಾಡುವ ದೊಡ್ಡ ಕಂಪನಿಗಳು ಅದರಲ್ಲೊಂದು ಪಾಲನ್ನು ಜನರಿಗಾಗಿ ಬಳಸಬೇಕೆಂಬ ಕಾನೂನಿದೆಯಲ್ಲ, ಆ ಬಾಬತ್ತಿನ ಕೆಲಸ ಅದು. ತಗಡಿನ ಛಾವಣಿಯ ಉದ್ದನೆಯ ಕೋಣೆ, ಇಪ್ಪತ್ತು ಮಷಿನ್ನು, ಸುತ್ತ ಬೇವಿನ ಸಸಿಗಳು. ಊರೊಳಗೆ ಜಾಗ ಹುಡುಕಿ ಕಾಗದಪತ್ರ ಮಾಡಿಸಲು ತಿಂಗಳುಗಟ್ಟಲೆ ಬೇಕಾಗುತ್ತಿತ್ತು. ಕಂಪನಿಗೆ ವರ್ಷದ ಲೆಕ್ಕ ತೋರಿಸಲು ಮಾರ್ಚ್ ಮುಗಿಯುವುದರೊಳಗೆ ಕಟ್ಟಡ ಎದ್ದು ನಿಲ್ಲಬೇಕಿತ್ತು. ಹಾಗಾಗಿ ತಮ್ಮದೇ ಜಾಗದಲ್ಲಿ, ಹದಿನೇಳನೇ ಫ್ಯಾನಿನ ಹತ್ತಿರವೇ ಕಟ್ಟಿದರು. ಆ ಗಾಳಿಯಂತ್ರಗಳಿಗೆ ನಮ್ಮ ಕಡೆ ಫ್ಯಾನು ಎಂದೇ ಹೆಸರು.

ಗಾಳೆವ್ವ ಅಲ್ಲಿ ಬಾಗಿಲು ತೆರೆದು, ಕಸ ಹೊಡೆದು, ಕುಡಿಯುವ ನೀರು ತುಂಬಿಡುತ್ತಿದ್ದಳು. ಸಸಿಗಳಿಗೆ ನೀರು ಹಾಕುವುದೂ ಅವಳದೇ. ವಯಸ್ಸು ಐವತ್ತರ ಮೇಲೆ. ಹದಿನೆಂಟು ವರ್ಷ ಗೋವಾದಲ್ಲಿ ಕಟ್ಟಡದ ಕೆಲಸ ಮಾಡಿ, ಸೊಂಟ ಹಿಡಿದುಕೊಂಡ ಮೇಲೆ ಊರಿಗೆ ಮರಳಿದವಳು. ಗಂಡ ತೀರಿಕೊಂಡಿದ್ದ. ಮಾತು ಕಡಿಮೆ. ಮಧ್ಯಾಹ್ನ ಹುಡುಗಿಯರೆಲ್ಲ ಬುತ್ತಿ ಬಿಚ್ಚಿಕೊಂಡು ಕೂತಾಗ ಇವಳೊಬ್ಬಳು ಹೊರಗೆ ಗೋಡೆಯ ನೆರಳಿನಲ್ಲಿ ರೊಟ್ಟಿ ತಿನ್ನುತ್ತಿದ್ದಳು. ಒಳಗೆ ಬಾ ಎಂದರೆ, "ಇಲ್ಲೇ ಚಲೋ ಐತ್ರಿ" ಅನ್ನುವಳು.

ಆ ವರ್ಷ ಆಷಾಢದ ಗಾಳಿ ಬೇಗ ಶುರುವಾಯಿತು. ಕೇಂದ್ರದ ತಗಡು ದಿನವಿಡೀ ಪಟಪಟ ಬಡಿದುಕೊಳ್ಳುತ್ತಿತ್ತು. ಒಂದು ಮುಂಜಾನೆ ನಾನು ಹೋದಾಗ ಗಾಳೆವ್ವ ಕಸಬರಿಗೆ ಹಿಡಿದುಕೊಂಡು ಅಂಗಳದ ನಡುವೆ ಸುಮ್ಮನೆ ನಿಂತಿದ್ದಳು. ಕಸ ಅರ್ಧಕ್ಕೆ ಬಿಟ್ಟಿತ್ತು.

"ಅಕ್ಕಾರ, ಈ ಫ್ಯಾನಿನ ದನಿ ಬ್ಯಾರೆ ಆಗೈತಿ," ಎಂದಳು.

"ಗಾಳಿ ಜೋರೈತಲ್ಲ, ಅದಕ್ಕ."

"ಅಲ್ರಿ. ಎರಡು ರೆಕ್ಕಿ ಒಂದ ನಮೂನಿ ಹೋಗ್ತಾವು. ಮೂರನೇದ್ದು ಬಂದಾಗ ಸೀಟಿ ಹೊಡದ್ಹಾಂಗ ಆಗ್ತೈತಿ. ನಿಂತು ಕೇಳ್ರಿ."

ನಾನು ಒಂದು ಗಳಿಗೆ ನಿಂತೆ. ಅಷ್ಟರಲ್ಲಿ ಹುಡುಗಿಯರು ಬಂದರು. ನನಗೆ ಎಂದಿನ ಭರ್ ಭರ್ ಸದ್ದಿನ ಹೊರತು ಏನೂ ಕೇಳಲಿಲ್ಲ, ನಕ್ಕು ಒಳಗೆ ಹೋದೆ.

ಅವಳು ಬಿಡಲಿಲ್ಲ. ವಾರದಲ್ಲಿ ಮೂರು ಸಲ ಕಂಪನಿಯ ಜೀಪು ನಿಲ್ಲಿಸಿ ಅದನ್ನೇ ಹೇಳಿದಳು. ಕೊನೆಗೆ ಎಂಜಿನಿಯರ್ ರಘೂತ್ತಮ ಬಂದರು. ಮೂವತ್ತರ ಒಳಗಿನ ತೆಳ್ಳಗಿನ ಮನುಷ್ಯ. ಹೆಲ್ಮೆಟ್ಟು ತೆಗೆಯದೆ, ಕೈಯಲ್ಲಿದ್ದ ಫೋನಿನಲ್ಲಿ ಏನೋ ನೋಡಿ, "ಎಲ್ಲಾ ಮಿತಿಯೊಳಗ ಅದ," ಎಂದರು. ಆದರೆ ಹಾಗೆ ಹೇಳಿದ ಮೇಲೂ ಅವರು ಹೊರಡಲಿಲ್ಲ. ತಲೆ ಎತ್ತಿ ಬಹಳ ಹೊತ್ತು ನೋಡಿದರು. ಗಾಳೆವ್ವ ಅವರ ಮುಖವನ್ನೇ ನೋಡುತ್ತಿದ್ದಳು.

"ಮಿತಿಯೊಳಗ ಇದ್ರ ಯಾಕ ಅಷ್ಟೊತ್ತು ನೋಡಿದ್ರು?" ಎಂದು ಆಮೇಲೆ ನನ್ನನ್ನು ಕೇಳಿದಳು.

ಆ ಪ್ರಶ್ನೆಯನ್ನು ನಾನು ಪ್ರಣೀತಾಗೆ ದಾಟಿಸಿದೆ. ಪ್ರಣೀತಾ ನರಗುಂದದ ಕಡೆಯ ಹುಡುಗಿ. ಕಂಪನಿಯ ಸಮಾಜಸೇವಾ ವಿಭಾಗ ನೋಡಿಕೊಳ್ಳುತ್ತಿದ್ದಳು. ಒಳ್ಳೆಯ ಮನಸ್ಸು. ಒಬ್ಬೊಬ್ಬ ಹುಡುಗಿಯ ಹೆಸರೂ ಅವಳಿಗೆ ಬಾಯಿಪಾಠ ಇತ್ತು. ಫ್ಯಾನನ್ನು ಎರಡು ದಿನ ನಿಲ್ಲಿಸಿ ನೋಡಬಹುದೇ ಎಂದು ಅವಳು ಮೇಲಿನ ಆಫೀಸಿಗೆ ಬರೆದಳು. ಬಂದ ಉತ್ತರವನ್ನು ನನಗೆ ಫೋನಿನಲ್ಲಿ ತೋರಿಸಿದಳು. ಯಂತ್ರದ ವಿಷಯ ನಿಮ್ಮ ವಿಭಾಗಕ್ಕೆ ಬರುವುದಿಲ್ಲ, ಆಗಸ್ಟ್ ಹೊತ್ತಿಗೆ ಅರವತ್ತು ಫಲಾನುಭವಿಗಳ ಗುರಿ ಮುಟ್ಟುವುದೇ ತಿಳಿಸಿ, ಎಂದಿತ್ತು.

"ಆಷಾಢ, ಶ್ರಾವಣ ಅಂದ್ರ ಅವರಿಗೆ ಸುಗ್ಗಿ ಇದ್ದಂಗ," ಎಂದಳು ಪ್ರಣೀತಾ. "ವರ್ಷದ ಅರ್ಧಾ ಕರೆಂಟು ಈ ಗಾಳ್ಯಾಗ ಆಗ್ತದ. ದಸರಾದ ಮ್ಯಾಲೆ ಕ್ರೇನ್ ತರಿಸಿ ನೋಡ್ತಾರಂತ."

"ದಸರಾ ತನಕ ನಾವು?"

ಅವಳು ಫೋನನ್ನು ಚೀಲಕ್ಕೆ ಹಾಕಿಕೊಂಡಳು.

ಮುಂದಿನ ಸೋಮವಾರ ಗಾಳೆವ್ವ ಸಸಿಗಳ ನಡುವೆ ಒಂದು ಬಿಳಿ ಚೂರು ಆರಿಸಿದಳು. ಅಂಗೈ ಅಗಲದ್ದು, ಹಗುರ. ಒಂದು ಮಗ್ಗುಲು ನುಣುಪಾದ ಬಣ್ಣ. ಇನ್ನೊಂದು ಮಗ್ಗುಲಲ್ಲಿ ಗಾಜಿನಂಥ ಎಳೆಗಳು ಎದ್ದಿದ್ದವು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, ಕೇಂದ್ರಕ್ಕೆ ಬೀಗ ಹಾಕಿ, ಊರ ಕಡೆಯಿಂದ ಬರುವ ದಾರಿಯಲ್ಲಿ ಕೂತುಬಿಟ್ಟಳು. ಹದಿನೆಂಟು ಹುಡುಗಿಯರು, ನಾನು, ಎಲ್ಲರೂ ಅವಳ ಮುಂದೆ ನಿಂತೆವು.

"ಕೀಲಿಕೈ ಕೊಡು," ಎಂದೆ.

"ಇಲ್ರಿ."

"ನಿನ್ನ ಮನೀದಲ್ಲ ಅದು."

"ಹೌದ್ರಿ, ನಂದಲ್ಲ. ಆದ್ರ ಕೊಡಂಗಿಲ್ಲ."

ಪ್ರಣೀತಾ ಮಧ್ಯಾಹ್ನ ಬಂದಳು. ಬೈಯಲಿಲ್ಲ. ಗಾಳೆವ್ವನ ಪಕ್ಕದಲ್ಲೇ ನೆಲದ ಮೇಲೆ ಕೂತು, ಯಾಕೆ ಹೀಗೆ ಎಂದು ಕೇಳಿದಳು. ಆಗ ಗಾಳೆವ್ವ ಗೋವಾದ ಕತೆ ಹೇಳಿದಳು. ಅಷ್ಟು ದಿನಗಳಲ್ಲಿ ಅವಳು ಅದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ.

ಮಾಪುಸಾ ಹತ್ತಿರ ಮೂರಂತಸ್ತಿನ ಕಟ್ಟಡ. ಸ್ಲ್ಯಾಬಿನ ಕಾಂಕ್ರೀಟು ಹಾಕುತ್ತಿದ್ದ ದಿನ. ಕೆಳಗೆ ಊರುಗೋಲಾಗಿ ನಿಲ್ಲಿಸಿದ್ದ ಮರದ ಕಂಬಗಳು ಒಳಗೊಳಗೇ ಚಿಟಿಚಿಟಿ ಅನ್ನುತ್ತಿದ್ದುದು ಇವಳ ಕಿವಿಗೆ ಬಿತ್ತು. ಇವಳ ತಂಗಿ ಶೇಖವ್ವ ಅದರ ಅಡಿಯಲ್ಲೇ ಸಿಮೆಂಟಿನ ಚೀಲ ಬಿಚ್ಚುತ್ತಿದ್ದಳು.

"ನಾ ನೀರ ಕುಡ್ಯಾಕ ಅಂತ ಹೊರಗ ಬಂದೆ," ಎಂದಳು ಗಾಳೆವ್ವ. "ಅಂಜಿಕಿ ಆಗಿತ್ತು, ಅದಕ್ಕ ಬಂದೆ. ಆಕಿಗೆ ಹೇಳಲಿಲ್ಲ. ಹೇಳಿದ್ರ ಮೇಸ್ತ್ರಿ ನಗ್ತಾನ, ಕೆಲಸಾ ಬಿಡಸ್ತಾನ ಅಂತ ಸುಮ್ಮನಾದೆ. ಇನ್ನೂ ಚರಗಿ ಬಾಯಿಗೆ ಹಚ್ಚಿದ್ದಿಲ್ಲ, ಸ್ಲ್ಯಾಬ್ ಕುಸೀತು."

ಸೆರಗು ಬಿಚ್ಚಿ ಬಿಳಿ ಚೂರನ್ನು ಪ್ರಣೀತಾಳ ಕೈಯಲ್ಲಿಟ್ಟಳು. "ಈ ಸಲ ಹೇಳೀನಿ."

ಪ್ರಣೀತಾ ಆ ಚೂರಿನ ಫೋಟೋ ತೆಗೆದು ಮತ್ತೆ ಬರೆದಳು. ಮರುದಿನ ಬಂದದ್ದು ಗಾಳೆವ್ವನನ್ನು ತೆಗೆದುಹಾಕಬೇಕೆಂಬ ಆದೇಶ. ಕೇಂದ್ರದ ಕೆಲಸಕ್ಕೆ ಅಡ್ಡಿ ಮಾಡಿದ್ದು, ಫಲಾನುಭವಿಗಳಲ್ಲಿ ಭಯ ಹುಟ್ಟಿಸಿದ್ದು ಕಾರಣ. ಪ್ರಣೀತಾಗೆ ಅವಳ ಮನೆಗೆ ಹೋಗುವ ಧೈರ್ಯ ಆಗಲಿಲ್ಲ, ನಾನು ಹೋದೆ. ಗಾಳೆವ್ವ ಜಗಳ ತೆಗೆಯಲಿಲ್ಲ. ಕೀಲಿಕೈಯನ್ನು ನೀರಿನಲ್ಲಿ ತೊಳೆದು, ಒರೆಸಿ, ನನ್ನ ಕೈಗೆ ಕೊಟ್ಟಳು.

ಬುಧವಾರ ಅವಳು ಮನೆ ಮನೆ ತಿರುಗಿದಳು. ಯಾವ ಮನೆಯಲ್ಲಿ ಏನು ಹೇಳಿದಳೋ ಗೊತ್ತಿಲ್ಲ, ಗುರುವಾರ ಕೇಂದ್ರಕ್ಕೆ ಬಂದವರು ನಾಲ್ಕೇ ಹುಡುಗಿಯರು. ನನಗೆ ಸಿಟ್ಟು ಬಂದಿತ್ತು. ಬಂದವರಿಗೆ ರವಿಕೆಯ ತೋಳು ಕೂಡಿಸುವುದನ್ನು ತೋರಿಸಲು ಕೂತೆ. ಹೊರಗೆ ಗಾಳಿ ಎಷ್ಟು ಜೋರಿತ್ತೆಂದರೆ ಕಿಟಕಿ ಮುಚ್ಚಿದರೂ ಬಟ್ಟೆ ಹಾರುತ್ತಿತ್ತು.

ಹನ್ನೊಂದರ ಸುಮಾರಿಗೆ ಗಾಳೆವ್ವ ಬಾಗಿಲಲ್ಲಿ ಕಾಣಿಸಿದಳು. ಮುಂಜಾನೆಯಿಂದ ಗುಡ್ಡದ ಬದಿಯಲ್ಲೇ ಕೂತಿದ್ದಳಂತೆ. ಒಳಗೆ ಬಂದವಳೇ, ಆ ನಾಲ್ವರಲ್ಲಿ ಒಬ್ಬಳಾದ ದುರ್ಗಾ ತುಳಿಯುತ್ತಿದ್ದ ಮಷಿನ್ನಿನ ಗಾಲಿಯ ಮೇಲೆ ಕೈ ಇಟ್ಟು ನಿಲ್ಲಿಸಿದಳು. ಎಲ್ಲರ ಮಷಿನ್ನೂ ಒಂದೊಂದಾಗಿ ನಿಂತವು.

ಆಗ ನನಗೂ ಕೇಳಿಸಿತು. ಭರ್, ಭರ್, ಆಮೇಲೆ ಒಂದು ಕೀರಲು ಸೀಟಿ. ಅದರ ಬೆನ್ನಿಗೇ ಬಟ್ಟೆ ಹರಿದಂತೆ ಒಂದು ಸದ್ದು.

"ಏಳ್ರಿ," ಎಂದಳು ಗಾಳೆವ್ವ. ದನಿ ಏರಿಸಲಿಲ್ಲ. "ಚಪ್ಪಲಿ ಬ್ಯಾಡ. ಹಂಗ ಬರ್ರಿ. ಫ್ಯಾನ್ ಕಡೆ ಬೆನ್ನ ಮಾಡಿ ತೆಗ್ಗಿಗೆ ಇಳೀರಿ."

ಯಾಕೆ ಎದ್ದೆನೋ ನನಗೆ ತಿಳಿಯದು. ಇಳಿಜಾರಿನ ಕೆಳಗೆ ಮಳೆನೀರು ಕೊರೆದ ಒಂದು ಕೊರಕಲು ಇತ್ತು. ನಾವು ಐವರು ಅಲ್ಲಿಗೆ ಮುಟ್ಟಿದ್ದೆವು. ದುರ್ಗಾ ಮಾತ್ರ ಅರ್ಧ ದಾರಿಯಲ್ಲಿ ತಿರುಗಿ ನಿಂತಿದ್ದಳು, ತಾನು ಹೊಲಿದ ಮೊದಲ ರವಿಕೆ ಮಷಿನ್ನಿನ ಮೇಲೇ ಉಳಿದಿತ್ತಂತೆ. ಗಾಳೆವ್ವ ಮತ್ತೆ ಮೇಲೆ ಹೋಗಿ ಅವಳ ಜಡೆ ಹಿಡಿದು ಎಳೆದಳು. ಆಗಲೇ ಆಕಾಶದಲ್ಲಿ ಬಂಡೆ ಸೀಳಿದಂತೆ ಆಯಿತು.

ಬಿದ್ದದ್ದು ಪೂರ್ತಿ ರೆಕ್ಕೆಯಲ್ಲ, ತುದಿಯ ಮೂರನೇ ಒಂದು ಭಾಗ ಇರಬಹುದು. ಅದು ಮೊದಲು ಎತ್ತಿದಂತೆ ಮೇಲಕ್ಕೆ ಹೋಗಿ, ತಿರುಗುತ್ತ ಬಂದು, ಕೇಂದ್ರದ ತಗಡಿನ ಮೇಲೆ ಅಡ್ಡಡ್ಡ ಇಳಿಯಿತು. ಧೂಳು ತಗ್ಗಿದ ಮೇಲೆ ನೋಡಿದರೆ ಗೋಡೆಯೇ ಇರಲಿಲ್ಲ. ನನ್ನ ಕುರ್ಚಿ ಇದ್ದ ಜಾಗದಲ್ಲಿ ಬಿಳಿಯ ಸೀಳು ನೆಟ್ಟಿತ್ತು. ಹಾರಿದ ಚೂರೊಂದು ದುರ್ಗಾಳ ಮೊಣಕಾಲ ಕೆಳಗೆ ಎಲುಬಿನ ತನಕ ಕೊಯ್ದಿತ್ತು. ಗಾಳೆವ್ವ ತನ್ನ ಸೆರಗು ಹರಿದು ಕಟ್ಟಿದಳು. ಮೇಲೆ ಉಳಿದ ಎರಡು ರೆಕ್ಕೆಗಳು ಮತ್ತು ಒಂದು ಮೋಟು, ಯಾರಾದರೂ ಬಂದು ನಿಲ್ಲಿಸುವವರೆಗೆ, ಕುಂಟುತ್ತ ತಿರುಗುತ್ತಲೇ ಇದ್ದವು.

ಮೂರನೇ ದಿನ ಮೇಲಿನ ಆಫೀಸಿನಿಂದ ಇಬ್ಬರು ಬಂದರು. ಬಹಳ ಮರ್ಯಾದೆಯ ಜನ. ದುರ್ಗಾಳನ್ನು ದವಾಖಾನೆಯಲ್ಲಿ ನೋಡಿ, ಹಣ್ಣು ಕೊಟ್ಟು, ಚಿಕಿತ್ಸೆ ತಮ್ಮದೇ ಎಂದರು. ಆಮೇಲೆ ನಮ್ಮ ಮುಂದೆ ಒಂದು ಹಾಳೆ ಇಟ್ಟರು. ಗಾಳಿಯ ವೇಗ ಹೆಚ್ಚಿದ್ದರಿಂದ ಕಂಪನಿಯ ಸುರಕ್ಷತಾ ಸೂಚನೆಯ ಪ್ರಕಾರ ಕೇಂದ್ರವನ್ನು ಮುಂಚಿತವಾಗಿ ಖಾಲಿ ಮಾಡಿಸಲಾಗಿತ್ತು ಎಂದು ಅದರಲ್ಲಿತ್ತು. ನಾನು ಸಹಿ ಮಾಡಿದೆ. ಹೊಸ ಕೇಂದ್ರ ಕಟ್ಟುತ್ತೇವೆ, ನೀವೇ ಮುಖ್ಯಸ್ಥೆ ಎಂದಿದ್ದರು. ಅದಕ್ಕೇ ಮಾಡಿದೆನೋ, ಅವರ ಎದುರು ಇಲ್ಲ ಅನ್ನಲು ಬಾಯಿ ಬರದೆ ಮಾಡಿದೆನೋ, ಈಗಲೂ ಸರಿಯಾಗಿ ಹೇಳಲಾರೆ.

ಗಾಳೆವ್ವ ಹಾಳೆಯನ್ನು ಎರಡು ಸಲ ಓದಿಸಿ ಕೇಳಿದಳು.

"ಇದರಾಗ ನನ್ನ ಹೆಸರು ಎಲ್ಲೈತ್ರಿ?"

"ಹೆಸರಿನ ಅಗತ್ಯ ಇಲ್ಲಮ್ಮ, ಇದು ಒಟ್ಟಾರೆ ಹೇಳಿಕೆ," ಎಂದರು ಒಬ್ಬರು.

"ಹಂಗಾರ ನನ್ನ ಹೆಬ್ಬಟ್ಟ ಯಾಕ ಬೇಕು?"

ಅವಳು ಹೆಬ್ಬಟ್ಟು ಒತ್ತಲಿಲ್ಲ. ಅವಳಿಗೆ ಹೊದಿಸಲು ಅವರು ಶಾಲು ತಂದಿದ್ದರು. ಅದನ್ನು ಮಡಿಕೆ ಬಿಚ್ಚದೆ ವಾಪಸ್ ಒಯ್ದರು.

ಪ್ರಣೀತಾಗೆ ದೂರದ ಇನ್ನೊಂದು ರಾಜ್ಯಕ್ಕೆ ವರ್ಗವಾಯಿತು. ಹೋಗುವ ಮುಂಚೆ ನಮ್ಮ ಮನೆಗೆ ಬಂದು ಒಂದು ಮಾತು ಹೇಳಿದಳು. ಆ ಫ್ಯಾನನ್ನು ನಿಲ್ಲಿಸಬೇಕೆಂದು ರಘೂತ್ತಮ ಬೇಸಿಗೆಯಲ್ಲೇ ಎರಡು ಸಲ ಬರೆದಿದ್ದರಂತೆ. ಎರಡಕ್ಕೂ ಮಳೆಗಾಲ ಮುಗಿಯಲಿ ಎಂಬ ಉತ್ತರ. ಚಹಾ ಕೊಟ್ಟೆ, ಕುಡಿಯಲಿಲ್ಲ. "ನಾನು ಇಲ್ಲಿ ಚಲೋ ಕೆಲಸಾ ಮಾಡ್ಲಿಕ್ಹತ್ತೇನಿ ಅಂದ್ಕೊಂಡಿದ್ದೆ," ಎಂದು ಎದ್ದು ಹೋದಳು.

ಮರುವರ್ಷ ಕಂಪನಿಯ ವಾರ್ಷಿಕ ವರದಿ ಬಂತು. ಹೊಳೆಯುವ ಕಾಗದ. ಅದರಲ್ಲಿ ನಮ್ಮ ಹುಡುಗಿಯರ ಫೋಟೋ, ಬೇವಿನ ಸಸಿಗಳ ಫೋಟೋ. ಪಕ್ಕದಲ್ಲಿ, ಈ ವರ್ಷ ನಮ್ಮ ನೌಕರರಿಗೆ ಒಂದೂ ಅಪಘಾತವಾಗಿಲ್ಲ ಎಂದು ದೊಡ್ಡಕ್ಷರದಲ್ಲಿತ್ತು. ಸುಳ್ಳಲ್ಲ. ದುರ್ಗಾ ನೌಕರಳಲ್ಲ, ಫಲಾನುಭವಿ. ಅವಳ ಎಡಗಾಲು ಈಗ ಮಷಿನ್ನಿನ ಪೆಡಲನ್ನು ಒತ್ತುವುದಿಲ್ಲ.

ಹೊಸ ಕೇಂದ್ರದ ಬದಲು ಊರಿಗೆ ಒಂದು ದವಾಖಾನೆ ಕೊಡುತ್ತೇವೆ ಎಂದು ಕಂಪನಿ ಹೇಳಿತು. ಊರಿಗೆ ಖುಷಿಯಾಯಿತು, ಹೆರಿಗೆಗೆ ಗಜೇಂದ್ರಗಡಕ್ಕೆ ಓಡುವುದು ತಪ್ಪುತ್ತದೆ. ಮತ್ತೆ ಗುಡ್ಡದ ಮೇಲೆಯೇ ಜಾಗ ಗುರುತಿಸಿ ಸುಣ್ಣದ ಗೆರೆ ಹಾಕಿದ ಮರುದಿನ ಗಾಳೆವ್ವ ನಮ್ಮ ಮನೆಗೆ ಬಂದಳು. ಹೆಗಲ ಮೇಲೆ ಬಾವಿಯ ಹಗ್ಗ.

"ಇದರ ಒಂದು ತುದಿ ಹಿಡ್ಯಾಕ ಬರ್ತೀರೇನ್ರಿ?" ಎಂದಳು.

ಹೋದೆ. ಸುಣ್ಣದ ಗೆರೆಯಿಂದ ಇಪ್ಪತ್ತಮೂರನೇ ಫ್ಯಾನಿನ ಬುಡದವರೆಗೆ ಹಗ್ಗ ಹಾಸಿ ಅಳೆದೆವು. ಅರವತ್ತು ಮಾರೂ ಇರಲಿಲ್ಲ. ಹದಿನೇಳನೇ ಫ್ಯಾನಿನ ಚೂರು ಅದಕ್ಕಿಂತ ದೂರ ಹೋಗಿತ್ತು.

ಗ್ರಾಮಸಭೆಯಲ್ಲಿ ಗಾಳೆವ್ವ ಎದ್ದು ನಿಂತು ಇಷ್ಟನ್ನೇ ಹೇಳಿದಳು. ನಾನೂ ಎದ್ದೆ. ನಾನು ಸಹಿ ಮಾಡಿದ ಹಾಳೆಯಲ್ಲಿ ಇದ್ದದ್ದು ಖರೆ ಅಲ್ಲ ಎಂದು ಎಲ್ಲರ ಮುಂದೆ ಹೇಳಿದೆ. ಸಭೆ ಬಹಳ ಹೊತ್ತು ಗುಜುಗುಜು ಅಂದಿತು. ಜಾಗ ಬದಲಿಸಿದರೆ ಮಾತ್ರ ಒಪ್ಪಿಗೆ ಎಂದು ಠರಾವಾಯಿತು. ಜಾಗ ಬದಲಿಸಲು ಈ ವರ್ಷ ಸಮಯವಿಲ್ಲ, ಹಾಗಾಗಿ ಯೋಜನೆಯನ್ನು ಪಕ್ಕದ ಊರಿಗೆ ಕೊಡುತ್ತಿದ್ದೇವೆ ಎಂದು ಕಂಪನಿಯಿಂದ ಪತ್ರ ಬಂತು.

ಈಗ ಊರಿನಲ್ಲಿ ಕೆಲವರು ಗಾಳೆವ್ವನ ಜೊತೆ ಮಾತಾಡುವುದಿಲ್ಲ. ಕೈಗೆ ಬಂದ ದವಾಖಾನೆ ಕಳೆದಳು ಎನ್ನುತ್ತಾರೆ. ಹೋದ ತಿಂಗಳು ಒಬ್ಬ ಬಸುರಿಯನ್ನು ರಾತ್ರೋರಾತ್ರಿ ಟಂಟಂ ಆಟೋದಲ್ಲಿ ಗಜೇಂದ್ರಗಡಕ್ಕೆ ಒಯ್ದರು. ದಾರಿಯಲ್ಲೇ ಹೆರಿಗೆಯಾಗಿ ಕೂಸು ಉಳಿಯಲಿಲ್ಲ. ಅಂದಿನಿಂದ ಗಾಳೆವ್ವ ನೀರಿಗೆ ಹೋದರೆ ನಲ್ಲಿಯ ಹತ್ತಿರದ ಹೆಂಗಸರು ಸುಮ್ಮನಾಗುತ್ತಾರಂತೆ. ಅವಳು ಉಳ್ಳಾಗಡ್ಡಿ ಹೊಲದಲ್ಲಿ ಕಳೆ ಕೀಳಲು ಹೋಗುತ್ತಾಳೆ. ಸಾಲಿನ ಕೊನೆಯಲ್ಲಿ ಒಬ್ಬಳೇ ಕೂರುತ್ತಾಳೆ.

ಮೊನ್ನೆ ಹೊಲದ ಬದುವಿನಲ್ಲಿ ಅವಳ ಜೊತೆ ಕೂತಿದ್ದೆ. ಕೂಸಿನ ಸುದ್ದಿಯನ್ನು ಅವಳೇ ತೆಗೆದಳು.

"ಆ ಸುಣ್ಣದ ಗೆರಿ ಮ್ಯಾಲೆ ದವಾಖಾನಿ ಆಗಿದ್ರ ಉಳೀತಿತ್ತೇನೋ," ಎಂದಳು. "ನಾ ಅಡ್ಡ ಬಂದೆ. ಅದೂ ಖರೇ ಐತಲ್ರಿ?"

ಖರೆ ಅಲ್ಲ ಎನ್ನಲು ನನ್ನಿಂದ ಆಗಲಿಲ್ಲ.

ಪಕ್ಕದ ಊರಿನ ಗುಡ್ಡದ ಮೇಲೆ ದವಾಖಾನೆಯ ಗೋಡೆಗಳು ಕಿಟಕಿಯ ಮಟ್ಟಕ್ಕೆ ಬಂದಿವೆ. ಅದರ ಹತ್ತಿರದ ಫ್ಯಾನಿಗೆ ಮೂವತ್ತೊಂದನೇ ನಂಬರು. ಆಷಾಢಕ್ಕೆ ಇನ್ನು ಹನ್ನೆರಡು ದಿನ ಇದೆ.